ಎಲೆಕ್ಟ್ರಿಕ್ ಕಾರಿನ ಬ್ರೇಕ್ ಪೆಡಲ್ ಕಲ್ಲಾಗಿದೆಯಾ? ಬೂಸ್ಟರ್ ಬದಲಿಸುವ ಮೊದಲು ಇಷ್ಟು ನೋಡಿ

ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಬೇಸ್‌ಮೆಂಟಿನಿಂದ ಕಾರು ಹಿಂದಕ್ಕೆ ತೆಗೆಯುತ್ತಿದ್ದೆ. ಬ್ರೇಕ್ ಒತ್ತಿದರೆ ಪೆಡಲ್ ಒಳಗೇ ಹೋಗಲಿಲ್ಲ. ಕಲ್ಲಿನ ಮೇಲೆ ಕಾಲಿಟ್ಟ ಹಾಗಿತ್ತು. ಸೀಟಿಗೆ ಬೆನ್ನು ಕೊಟ್ಟು ಜೋರಾಗಿ ತುಳಿದ ಮೇಲೆ ಕಾರು ನಿಂತಿತು. ಕಂಬಕ್ಕೆ ಒಂದು ಗೇಣು ಬಾಕಿ.

ಸರ್ವಿಸ್ ಸೆಂಟರಿನವರು ಪೆಡಲನ್ನು ನಾಲ್ಕು ಸಲ ಒತ್ತಿ ನೋಡಿ, "ಬೂಸ್ಟರ್ ಹೋಗಿದೆ ಸರ್, ಪೂರ್ತಿ ಸೆಟ್ ಹಾಕಬೇಕು" ಎಂದರು. ಬೂಸ್ಟರ್ ಎಂದರೆ ನಮ್ಮ ಕಾಲಿನ ಒತ್ತಿಗೆ ಬಲ ಸೇರಿಸಿ ಬ್ರೇಕ್ ಹಗುರ ಮಾಡುವ ಭಾಗ. ಅವರು ಹೇಳಿದ ಮೊತ್ತ ಕೇಳಿ ಎದೆ ಧಸಕ್ಕೆಂದಿತು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿದ್ದು ಇಲಿ ಕಡಿದ ರಬ್ಬರ್ ಪೈಪು, ಅದರಲ್ಲಿ ಉದ್ದಿನಕಾಳಿನಷ್ಟು ತೂತು. ಆ ಎರಡು ದಿನದಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲರ ಕಾರಿನಲ್ಲೂ ಇಲಿಯೇ ಇರುತ್ತದೆ ಎಂದಲ್ಲ. ಆದರೆ ಗಟ್ಟಿ ಪೆಡಲ್ ಎಂದರೆ ಬೂಸ್ಟರೇ ಹೋಗಿದೆ ಎಂದೂ ಅಲ್ಲ.

ರಸ್ತೆಯಲ್ಲೇ ಹೀಗಾದರೆ

ಮೊದಲು ಇದು, ಉಳಿದದ್ದು ಆಮೇಲೆ. ಓಡುತ್ತಿರುವಾಗ ಪೆಡಲ್ ಗಟ್ಟಿಯಾದರೆ ಪದೇ ಪದೇ ಒತ್ತಬೇಡಿ. ಬೂಸ್ಟರಿನಲ್ಲಿ ಚೂರುಪಾರು ಶಕ್ತಿ ಉಳಿದಿದ್ದರೆ ಪ್ರತಿ ಒತ್ತಿಗೂ ಅದು ಖರ್ಚಾಗುತ್ತದೆ. ಒಂದೇ ಸಲ, ಪೂರ್ತಿ ಬಲ ಹಾಕಿ, ಬಿಡದೆ ಒತ್ತಿ ಹಿಡಿಯಿರಿ. ಬೇಕಾದರೆ ಎರಡೂ ಕಾಲು ಹಾಕಿ. ಆಕ್ಸಿಲರೇಟರ್ ಬಿಟ್ಟು ರೀಜನ್ ಅನ್ನು (ಮೋಟಾರೇ ಕಾರನ್ನು ನಿಧಾನ ಮಾಡಿ ಆ ಶಕ್ತಿಯನ್ನು ಬ್ಯಾಟರಿಗೆ ತುಂಬುವ ವ್ಯವಸ್ಥೆ) ಅತಿ ಹೆಚ್ಚಿನ ಮಟ್ಟಕ್ಕೆ ತನ್ನಿ. ಇದು ಪೆಟ್ರೋಲ್ ಕಾರಿನವರಿಗೆ ಇಲ್ಲದ ಅನುಕೂಲ. ಕಾರನ್ನು ಆಫ್ ಮಾಡಬೇಡಿ, ನ್ಯೂಟ್ರಲ್‌ಗೂ ಹಾಕಬೇಡಿ, ಎರಡರಲ್ಲೂ ರೀಜನ್ ಕೈತಪ್ಪುತ್ತದೆ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಸ್ವಿಚ್ಚನ್ನು ಎಳೆದು ಹಾಗೇ ಹಿಡಿದುಕೊಳ್ಳಿ. ಹೊಸ ಕಾರುಗಳಲ್ಲಿ ಬಹುಪಾಲು ಅದು ಹದವಾಗಿಯೇ ಬ್ರೇಕ್ ಹಾಕುತ್ತದೆ. ಲಿವರ್ ಆದರೆ ನಿಧಾನವಾಗಿ ಎಳೆಯಿರಿ. ಗಕ್ಕನೆ ಎಳೆದರೆ ಹಿಂದಿನ ಚಕ್ರ ಜಾರುತ್ತದೆ.

ಬೂಸ್ಟರ್ ಸತ್ತರೂ ಬ್ರೇಕ್ ಪೂರ್ತಿ ಸಾಯುವುದಿಲ್ಲ. ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ, ಅಂದರೆ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗಕ್ಕೆ, ನೇರ ಸಂಪರ್ಕ ಇದ್ದೇ ಇರುತ್ತದೆ. ವಿಶ್ವಸಂಸ್ಥೆಯ 13-ಎಚ್ ನಿಯಮದ ಪ್ರಕಾರ ಬೂಸ್ಟರ್ ಇಲ್ಲದೆಯೂ 500 ನ್ಯೂಟನ್ ಒತ್ತಡಕ್ಕೆ, ಅಂದರೆ ಸುಮಾರು 50 ಕೆ.ಜಿ. ಭಾರ ಹಾಕಿ ತುಳಿದರೆ, ಕಾರಿನ ವೇಗ ಪ್ರತಿ ಸೆಕೆಂಡಿಗೂ ಕನಿಷ್ಠ 2.44 ಮೀಟರ್/ಸೆಕೆಂಡಿನಷ್ಟು ಇಳಿಯಬೇಕು. ಸರಿ ಇರುವ ಬ್ರೇಕಿಗೆ ಅದೇ ನಿಯಮ ಕೇಳುವ ಕನಿಷ್ಠ ದರ 6.43. ಗಂಟೆಗೆ 60 ಕಿ.ಮೀ. ವೇಗಕ್ಕೆ ಲೆಕ್ಕ ಹಾಕಿದರೆ 22 ಮೀಟರಿನಲ್ಲಿ ನಿಲ್ಲಬೇಕಾದ ಕಾರು 57 ಮೀಟರ್ ತೆಗೆದುಕೊಳ್ಳುತ್ತದೆ. ಅದಕ್ಕೇ "ಸ್ವಲ್ಪ ಗಟ್ಟಿ ಇದೆ ಅಷ್ಟೇ, ನಿಧಾನಕ್ಕೆ ಓಡಿಸಿಕೊಂಡು ಹೋಗ್ತೀನಿ" ಎನ್ನಬೇಡಿ. ಟೋ ಮಾಡಿಸಿ.

ಪೆಡಲ್ ಯಾಕೆ ಗಟ್ಟಿಯಾಗುತ್ತದೆ

ಮಾಸ್ಟರ್ ಸಿಲಿಂಡರಿನ ಹಿಂದೆ ದೋಸೆ ಕಾವಲಿಯಷ್ಟು ಅಗಲದ ಒಂದು ಕಪ್ಪು ಡಬ್ಬ ಇರುತ್ತದೆ. ಅದೇ ವ್ಯಾಕ್ಯೂಮ್ ಬೂಸ್ಟರ್. ಒಳಗೊಂದು ರಬ್ಬರ್ ಪರದೆ. ಪರದೆಯ ಮುಂದಿನ ಭಾಗದಿಂದ ಗಾಳಿ ಎಳೆದಿರುತ್ತಾರೆ. ನೀವು ಪೆಡಲ್ ಒತ್ತಿದಾಗ ಹಿಂದಿನ ಭಾಗಕ್ಕೆ ಹೊರಗಿನ ಗಾಳಿ ನುಗ್ಗುತ್ತದೆ, ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. 9 ಇಂಚಿನ ಬೂಸ್ಟರ್ ಎಂದರೆ ಸುಮಾರು 410 ಚದರ ಸೆಂ.ಮೀ. ಜಾಗ. ಎರಡೂ ಬದಿಗೆ 500 ಮಿ.ಮೀ. ಪಾದರಸದಷ್ಟು ಒತ್ತಡದ ವ್ಯತ್ಯಾಸ ಇದ್ದರೆ ಸಿಗುವ ತಳ್ಳು 270 ಕೆ.ಜಿ.ಗೂ ಜಾಸ್ತಿ. ಈ ಸಹಾಯ ನಿಂತುಹೋದಾಗ ಉಳಿಯುವುದು ನಿಮ್ಮ ಕಾಲೊಂದೇ.

ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ಈ ವ್ಯಾಕ್ಯೂಮ್ ಪುಕ್ಕಟೆ ಸಿಗುತ್ತದೆ. ಎಲೆಕ್ಟ್ರಿಕ್ ಮೋಟಾರ್ ಗಾಳಿ ಎಳೆಯುವುದಿಲ್ಲ. ಹಾಗಾಗಿ ಇವಿಗಳಲ್ಲಿ ಎರಡು ದಾರಿ. ಒಂದು, ಅದೇ ಹಳೇ ಬೂಸ್ಟರ್, ಅದಕ್ಕೆ ಗಾಳಿ ಎಳೆಯಲು 12 ವೋಲ್ಟಿನ ಪುಟ್ಟ ಪಂಪ್. ಇನ್ನೊಂದು, ವ್ಯಾಕ್ಯೂಮ್ ಕಾಟವೇ ಇಲ್ಲದ, ಮೋಟಾರ್ ಮತ್ತು ಗಿಯರಿನಿಂದ ತಳ್ಳುವ ಎಲೆಕ್ಟ್ರಿಕ್ ಬೂಸ್ಟರ್.

ನಿಮ್ಮದು ಯಾವುದು ಎಂದು ಬಾನೆಟ್ ತೆಗೆದರೆ ಗೊತ್ತಾಗುತ್ತದೆ. ದುಂಡನೆ ಡಬ್ಬ, ಅದಕ್ಕೆ ಹೆಬ್ಬೆರಳು ದಪ್ಪದ ರಬ್ಬರ್ ಪೈಪು ಇದ್ದರೆ ವ್ಯಾಕ್ಯೂಮಿನದು. ಪೈಪೇ ಇಲ್ಲ, ಮೋಟಾರಿನ ಹಾಗಿರುವ ಕುಳ್ಳ ದೇಹ, ಅದಕ್ಕೆ ವಯರಿನ ಪ್ಲಗ್ಗುಗಳು ಇವೆ ಎಂದರೆ ಎಲೆಕ್ಟ್ರಿಕ್. ಕಿತ್ತಳೆ ಬಣ್ಣದ ಕೇಬಲ್ ಮಾತ್ರ ಮುಟ್ಟಬೇಡಿ. ಅದು ನೂರಾರು ವೋಲ್ಟಿನದು, ಈ ಕೆಲಸಕ್ಕೆ ಅದರ ಹತ್ತಿರ ಹೋಗುವ ಅಗತ್ಯವೂ ಇಲ್ಲ.

ನಿಜವಾಗಿಯೂ ಗಟ್ಟಿಯಾ?

ಎರಡು ಸುಳ್ಳು ಗಾಬರಿಗಳಿವೆ. ರಾತ್ರಿಯೆಲ್ಲ ನಿಂತ ಕಾರಿನ ಪೆಡಲನ್ನು ಆನ್ ಮಾಡುವ ಮುಂಚೆ ಎರಡು ಮೂರು ಸಲ ಒತ್ತಿದರೆ ಅದು ಗಟ್ಟಿಯಾಗಲೇಬೇಕು. ಉಳಿದಿದ್ದ ವ್ಯಾಕ್ಯೂಮ್ ಖಾಲಿಯಾಗಿದೆ ಅಷ್ಟೇ. ಮಕ್ಕಳು ಡ್ರೈವರ್ ಸೀಟಿನಲ್ಲಿ ಕೂತು ಆಡಿದ ಮೇಲೆ ಕಾರು ರೆಡಿ ಆಗದಿರುವುದೂ ಇದೇ ಕಾರಣಕ್ಕೆ. ಪೆಡಲ್ ಗಟ್ಟಿಯಾಗಿ ಕೆಳಗೆ ಇಳಿಯುವುದಿಲ್ಲ, ಬ್ರೇಕ್ ಒತ್ತಿದ್ದು ಸ್ವಿಚ್ಚಿಗೆ ತಿಳಿಯುವುದಿಲ್ಲ. ಜೋರಾಗಿ ತುಳಿದು ಬಟನ್ ಒತ್ತಿ, ಆಗುತ್ತದೆ.

ಎರಡನೆಯದು ಬ್ಯಾಟರಿ ಫುಲ್ ಇದ್ದಾಗ. ನೂರಕ್ಕೆ ನೂರು ಚಾರ್ಜ್ ಮಾಡಿ ಮಡಿಕೇರಿಯಿಂದ ಕೆಳಗಿಳಿಯಿರಿ, ರೀಜನ್ ಸಿಗುವುದೇ ಇಲ್ಲ. ತುಂಬಿದ ಬಿಂದಿಗೆಗೆ ಇನ್ನೆಲ್ಲಿ ನೀರು ಹಾಕುವುದು? ದಿನಾ ಆಕ್ಸಿಲರೇಟರ್ ಬಿಟ್ಟರೆ ನಿಧಾನವಾಗುತ್ತಿದ್ದ ಕಾರು ಅವತ್ತು ಓಡುತ್ತಲೇ ಇರುತ್ತದೆ. ಕಾಲು ಹೆಚ್ಚು ಒತ್ತಬೇಕಾಗುತ್ತದೆ, "ಬ್ರೇಕ್ ಹಿಡೀತಿಲ್ಲ" ಅನಿಸುತ್ತದೆ. ಘಟ್ಟದ ಮೇಲಿರುವವರು 80-90ಕ್ಕೇ ಚಾರ್ಜ್ ನಿಲ್ಲಿಸಿದರೆ ಈ ತಕರಾರೇ ಬರುವುದಿಲ್ಲ.

ಇನ್ನು ಪೆಡಲಿನ ಕೆಳಗೆ ಉರುಳಿದ ನೀರಿನ ಬಾಟಲಿ, ಮಡಚಿದ ಮ್ಯಾಟು. ನಗಬೇಡಿ, ಬಗ್ಗಿ ನೋಡಿ.

ಉಪಕರಣ ಇಲ್ಲದೆ ಮಾಡುವ ಪರೀಕ್ಷೆ

ಸಮತಟ್ಟು ಜಾಗ. ಚಕ್ರಕ್ಕೆ ಇಟ್ಟಿಗೆ ಕೊಡಿ, ಪಾರ್ಕ್‌ನಲ್ಲಿಡಿ, ಹ್ಯಾಂಡ್‌ಬ್ರೇಕ್ ಹಾಕಿ.

ಕಾರು ಆಫ್ ಇರುವಾಗ ಪೆಡಲನ್ನು ಐದಾರು ಸಲ ಪೂರ್ತಿ ಒತ್ತಿ ಬಿಡಿ. ಗಟ್ಟಿಯಾಗುತ್ತದೆ. ಈಗ ಹದವಾಗಿ ಒತ್ತಿಕೊಂಡೇ ಕಾರು ಆನ್ ಮಾಡಿ. ಪಂಪ್ ಗುರ್ರ್ ಎನ್ನಬೇಕು, ಕೆಲವೇ ಸೆಕೆಂಡಿನಲ್ಲಿ ಪೆಡಲ್ ನಿಮ್ಮ ಕಾಲಿನ ಕೆಳಗೆ ತಾನೇ ಚೂರು ಇಳಿಯಬೇಕು. ಇಳಿದರೆ ಬೂಸ್ಟರಿಗೆ ಸಹಾಯ ಸಿಗುತ್ತಿದೆ. ಇಳಿಯದಿದ್ದರೆ ಸಿಗುತ್ತಿಲ್ಲ. ಇಷ್ಟೇ ಮುಖ್ಯ ಪರೀಕ್ಷೆ.

ಆಮೇಲೆ ಪಂಪ್ ನಿಲ್ಲುವವರೆಗೆ ಕಾದು ಕಾರು ಆಫ್ ಮಾಡಿ. ಐದು ನಿಮಿಷ ಬಿಟ್ಟು ಪೆಡಲ್ ಒತ್ತಿ. ಮೊದಲ ಒತ್ತು ಮೆತ್ತಗೆ, ಎರಡನೆಯದು ಸ್ವಲ್ಪ ಗಟ್ಟಿ, ಮೂರನೆಯದು ಇನ್ನೂ ಗಟ್ಟಿ ಆಗಬೇಕು. ಮೊದಲ ಒತ್ತೇ ಕಲ್ಲಾಗಿದ್ದರೆ ಎಲ್ಲೋ ಗಾಳಿ ನುಸುಳುತ್ತಿದೆ. ಒಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ಬಾಗಿಲು ತೆಗೆದರೆ ಸಾಕು, ಪಂಪ್ ಓಡುತ್ತದೆ. ಹಾಗಿದ್ದರೆ ಆ ಐದು ನಿಮಿಷ ಕಾರಿನೊಳಗೇ ಕೂತಿರಿ.

ಇಷ್ಟು ಹೊತ್ತಿನಲ್ಲಿ ಪಂಪ್ ಏನು ಮಾಡಿತು ಎಂದು ಕಿವಿಗೊಟ್ಟಿರಬೇಕು. ಆರೋಗ್ಯವಾಗಿರುವ ಪಂಪ್ ಕೆಲವು ಸೆಕೆಂಡ್ ಓಡಿ ನಿಲ್ಲುತ್ತದೆ. ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಮತ್ತೆ ಓಡಿ ನಿಲ್ಲುತ್ತದೆ. ನಿಮ್ಮದು ಸದ್ದೇ ಮಾಡಲಿಲ್ಲವಾ, ನಿಲ್ಲದೇ ಓಡುತ್ತಿದೆಯಾ, ಅಥವಾ ಸರಿಯಾಗಿಯೇ ಓಡಿ ನಿಂತರೂ ಪೆಡಲ್ ಗಟ್ಟಿಯೇ? ಮುಂದಿನ ದಾರಿ ಈ ಉತ್ತರದ ಮೇಲೆ.

ಪಂಪ್ ಸದ್ದೇ ಇಲ್ಲ

12 ವೋಲ್ಟ್ ಬ್ಯಾಟರಿಯಿಂದ ಶುರು ಮಾಡಿ. ದೊಡ್ಡ ಬ್ಯಾಟರಿ ಎಷ್ಟೇ ತುಂಬಿದ್ದರೂ ಪಂಪ್ ಓಡುವುದು ಈ ಚಿಕ್ಕದರ ಸಾಲಿನಲ್ಲಿ. ಲೆಡ್ ಆಸಿಡ್ ಬ್ಯಾಟರಿಯಾದರೆ ಕಾರು ನಿಂತಾಗ 12.6 ವೋಲ್ಟ್ ಆಸುಪಾಸು ಇರಬೇಕು, 12.2ಕ್ಕಿಂತ ಕೆಳಗಿದ್ದರೆ ಅನುಮಾನಪಡಿ. ರೆಡಿ ಆದ ಮೇಲೆ ಬಹುಪಾಲು ಕಾರುಗಳಲ್ಲಿ 13.5ರಿಂದ 14.5 ತೋರಿಸುತ್ತದೆ.

ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿನದು ಒಂದು ಸಲ ಹಾಕಿ ನೋಡಿ. ಮತ್ತೆ ಹೋದರೆ ಪಂಪ್ ಜಾಮ್ ಆಗಿದೆ, ಇಲ್ಲವೇ ವಯರ್ ಎಲ್ಲೋ ತಾಗುತ್ತಿದೆ. ದೊಡ್ಡ ಫ್ಯೂಸ್ ಹಾಕುವ ಬುದ್ಧಿವಂತಿಕೆ ಬೇಡ. ರಿಲೇಗೆ ಅದೇ ನಂಬರಿನ ಇನ್ನೊಂದು ರಿಲೇ ಬಾಕ್ಸಿನಲ್ಲೇ ಇರುತ್ತದೆ, ಅನೇಕ ಸಲ ಹಾರನ್ನಿನದು. ಅದಲು ಬದಲು ಮಾಡಿ ನೋಡಿ.

ಆಮೇಲೆ ಪಂಪಿನ ಪ್ಲಗ್. ಮಳೆಗಾಲ ಕಳೆದ ಕಾರಿನಲ್ಲಿ ಪಿನ್ನುಗಳು ಹಸಿರು ಕಟ್ಟಿರುವುದು ಮಾಮೂಲು. ಒರೆಸಿ ಹಾಕಿ, ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ, ಮಲ್ಟಿಮೀಟರ್ ಹಿಡಿಯಿರಿ. 12 ವೋಲ್ಟ್ ಬರುತ್ತಿದೆ, ಅರ್ತಿಂಗೂ ಸರಿ ಇದೆ, ಆದರೂ ಪಂಪ್ ತಿರುಗುವುದಿಲ್ಲ ಎಂದರೆ ಪಂಪೇ ಹೋಗಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಓಡಲು ಶುರುವಾದರೆ ಖುಷಿಪಡಬೇಡಿ. ಒಳಗಿನ ಬ್ರಷ್ ಸವೆದಿದೆ, ಇವತ್ತು ಓಡುವುದು ನಾಳೆ ಘಟ್ಟದಲ್ಲಿ ಓಡದೇ ಇರಬಹುದು. ಬದಲಿಸಿ.

ಪ್ಲಗ್ಗಿಗೆ ಕರೆಂಟೇ ಬರುತ್ತಿಲ್ಲ, ಫ್ಯೂಸು ರಿಲೇ ಚೆನ್ನಾಗಿವೆ ಎಂದರೆ ವ್ಯಾಕ್ಯೂಮ್ ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಬೂಸ್ಟರ್ ಖಾಲಿ ಇದ್ದರೂ "ತುಂಬಿದೆ" ಎಂದು ಹೇಳಿದರೆ ಪಂಪ್ ಯಾಕೆ ಓಡಬೇಕು? ಸ್ಕ್ಯಾನರಿನಲ್ಲಿ (ಕಾರಿನ ಕಂಪ್ಯೂಟರ್ ಓದುವ ಉಪಕರಣ) ಸೆನ್ಸರ್ ಅಂಕೆ ನೋಡಿ, ಪೆಡಲ್ ಒತ್ತಿದಾಗ ಅದು ಬದಲಾಗಬೇಕು.

ಪಂಪ್ ನಿಲ್ಲುವುದೇ ಇಲ್ಲ

ನನ್ನ ಕಾರಿನದು ಇದೇ ಕತೆ. ಪಂಪ್ ನಿಲ್ಲದಿದ್ದರೆ ಅದು ಎಳೆದಷ್ಟೂ ಗಾಳಿ ಇನ್ನೊಂದು ಕಡೆಯಿಂದ ಒಳಗೆ ಬರುತ್ತಿದೆ ಎಂದರ್ಥ. ಪೆಡಲ್ ಮೆತ್ತಗಿದ್ದೂ ಪಂಪ್ ನಿಲ್ಲದಿದ್ದರೆ ಮಾತ್ರ ಅಂಟಿಕೊಂಡ ರಿಲೇ ಅಥವಾ ಸೆನ್ಸರ್ ಮೇಲೆ ಅನುಮಾನಪಡಿ.

ಎರಡು ಅಡಿ ತೆಳು ಪ್ಲಾಸ್ಟಿಕ್ ಪೈಪ್ ತಗೊಳ್ಳಿ, ಅಕ್ವೇರಿಯಂನದು ಸಾಕು. ಒಂದು ತುದಿ ಕಿವಿಗೆ, ಇನ್ನೊಂದನ್ನು ವ್ಯಾಕ್ಯೂಮ್ ಪೈಪಿನ ಉದ್ದಕ್ಕೂ ಇಂಚಿಂಚಾಗಿ ಸರಿಸಿ. ಡಾಕ್ಟರ್ ಸ್ಟೆತಸ್ಕೋಪ್ ಇಟ್ಟ ಹಾಗೆ. ಪಂಪಿನ ಗದ್ದಲದ ನಡುವೆಯೂ ಸೋರುವ ಜಾಗದಲ್ಲಿ ಸುಯ್ಯ್ ಎನ್ನುವುದು ಬೇರೆಯೇ ಕೇಳುತ್ತದೆ. ನನಗೆ ಕೇಳಿದ್ದು ಪೈಪು ತಿರುಗಿ ಹಿಂದೆ ಹೋಗುವ ಕಡೆ, ಕೆಳಮುಖವಾಗಿ. ಮೇಲಿನಿಂದ ನೋಡಿದರೆ ಪೈಪು ಹೊಸದರಂತಿತ್ತು. ಕೆಳಗೆ ಬೆರಳಾಡಿಸಿದಾಗ ತುದಿ ಒಳಕ್ಕೆ ಎಳೆದುಕೊಂಡಿತು, ಪಂಪ್ ನಿಂತಿತು. ಬೆರಳು ತೆಗೆದೆ, ಮತ್ತೆ ಗುರ್ರ್. ಅಷ್ಟು ಹೊತ್ತಿಗೆ ಬ್ಯಾಟರಿ ಟ್ರೇ ಮೇಲಿನ ಹಿಕ್ಕೆಯೂ ಕಣ್ಣಿಗೆ ಬಿತ್ತು.

ಸೋಪಿನ ನೊರೆ ಹಚ್ಚುವವರು ಒಂದು ನೆನಪಿಡಿ. ಇಲ್ಲಿ ಗುಳ್ಳೆ ಏಳುವುದಿಲ್ಲ, ಗಾಳಿ ಒಳಗೆ ಹೋಗುವುದರಿಂದ ನೊರೆಯೇ ಮಾಯವಾಗುತ್ತದೆ.

ಪೈಪು ಚೆನ್ನಾಗಿದ್ದರೆ ಅದು ಬೂಸ್ಟರಿಗೆ ಸೇರುವ ಕಡೆಯ ರಬ್ಬರ್ ವಾಷರ್ ಮತ್ತು ಚೆಕ್ ವಾಲ್ವ್ ನೋಡಿ. ಚೆಕ್ ವಾಲ್ವ್ ಎಂದರೆ ಒಂದೇ ದಿಕ್ಕಿನ ಬಾಗಿಲು. ಕಳಚಿ ಬಾಯಿಂದ ಊದಿ: ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಪಂಪ್ ಕಡೆಯಿಂದ ಊದಿದರೆ ಹೋಗಬಾರದು. ಎರಡೂ ಕಡೆ ಹೋದರೆ ಹೊಸದು ಹಾಕಿ. ಎರಡೂ ಕಡೆ ಹೋಗದಿದ್ದರೂ ಹೊಸದೇ.

ಬೂಸ್ಟರ್ ಒಳಗೇ ಸೋರಿಕೆ ಇದ್ದರೆ ಸದ್ದು ಕಾರಿನೊಳಗೆ, ಪೆಡಲಿನ ಬುಡದಲ್ಲಿ ಕೇಳುತ್ತದೆ. ಒತ್ತುವಾಗ ಕ್ಷಣಕಾಲ ಉಸ್ಸೆನ್ನುವುದು ಸಹಜ. ಪೆಡಲ್ ಹಿಡಿದುಕೊಂಡಷ್ಟು ಹೊತ್ತೂ, ಅಥವಾ ಬಿಟ್ಟ ಮೇಲೂ ಉಸ್ಸೆನ್ನುತ್ತಿದ್ದರೆ ಪರದೆ ಅಥವಾ ಒಳಗಿನ ವಾಲ್ವ್ ಹೋಗಿದೆ.

ವ್ಯಾಕ್ಯೂಮ್ ಅಳೆಯುವ ಗೇಜ್ ಇದ್ದವರು ಪೈಪಿಗೆ ಟೀ ಕನೆಕ್ಟರ್ (ಮೂರು ಬಾಯಿಯ ಜೋಡಣೆ) ಹಾಕಿ ಅಳೆಯಬಹುದು. ಪಂಪ್ ಕಡೆಗೆ ಗೇಜ್ ಇಟ್ಟು, ಬೂಸ್ಟರಿನ ಹತ್ತಿರ ಪೈಪಿಗೆ ಬಟ್ಟೆ ಸುತ್ತಿ ಹಿಸುಕಿ ಹಿಡಿಯಿರಿ. ಮುಳ್ಳು ಸರಸರ ಏರಿದರೆ ಪಂಪು, ಪೈಪು ಚೆನ್ನಾಗಿವೆ, ಸೋರಿಕೆ ಬೂಸ್ಟರ್ ಕಡೆ. ಏರದಿದ್ದರೆ ತಪ್ಪು ಇತ್ತಲಾಗೆ. ಪಂಪ್ ನಿಂತಿತೇ ಎಂದು ಮಾತ್ರ ಇಲ್ಲಿ ನೋಡಬೇಡಿ. ಸೆನ್ಸರ್ ಬೂಸ್ಟರ್ ಮೇಲೆ ಕೂತಿದ್ದರೆ ಅದಕ್ಕೆ ವ್ಯಾಕ್ಯೂಮ್ ಕಾಣುವುದಿಲ್ಲ, ಪಂಪ್ ಓಡುತ್ತಲೇ ಇರುತ್ತದೆ.

ಅಂಕೆ ಓದುವಾಗ ಊರು ಎಷ್ಟು ಎತ್ತರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ 760 ಮಿ.ಮೀ. ಪಾದರಸ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 680ರ ಆಸುಪಾಸು. ಅದೇ ಪಂಪ್ ಬೆಂಗಳೂರಿನಲ್ಲಿ ಮಂಗಳೂರಿಗಿಂತ ಕಡಿಮೆಯೇ ತೋರಿಸುತ್ತದೆ, ಪಂಪ್ ಸವೆದಿದೆ ಎಂದುಕೊಳ್ಳಬೇಡಿ. ಪೆಟ್ರೋಲ್ ಕಾರನ್ನು ಎಲೆಕ್ಟ್ರಿಕ್ ಮಾಡಿಸಿಕೊಂಡವರಿಗೆ ಇದು ಇನ್ನೂ ಮುಖ್ಯ. ಸಮುದ್ರಮಟ್ಟಕ್ಕೆ ಹೊಂದಿಸಿದ ಸಾದಾ ವ್ಯಾಕ್ಯೂಮ್ ಸ್ವಿಚ್ ಹಾಕಿದ್ದರೆ, ಬೆಟ್ಟದ ಮೇಲೆ ಆ ಅಂಕೆ ಮುಟ್ಟುವುದೇ ಇಲ್ಲ, ಪಂಪ್ ಓಡಿ ಓಡಿ ಸಾಯುತ್ತದೆ.

ಪಂಪ್ ಸರಿ ಇದೆ, ಪೆಡಲ್ ಗಟ್ಟಿಯೇ

ಮುಚ್ಚಿಕೊಂಡ ಚೆಕ್ ವಾಲ್ವ್, ಒಳಗೆ ಊದಿಕೊಂಡು ದಾರಿ ಕಟ್ಟಿದ ಪೈಪು, ತುಕ್ಕು ಹಿಡಿದ ಪೆಡಲ್ ಕೀಲು, ಈ ಮೂರನ್ನು ನೋಡಿ. ಇಲ್ಲವಾದರೆ ಚಕ್ರದ ಕಡೆ ಹೋಗಿ. ಅಲ್ಲಿ ಇವಿಗಳದೇ ಒಂದು ರೋಗ ಇದೆ. ರೀಜನ್‌ನಿಂದಾಗಿ ಪ್ಯಾಡುಗಳಿಗೆ ಕೆಲಸವೇ ಇಲ್ಲ. ಡಿಸ್ಕಿಗೆ ತುಕ್ಕು, ಪ್ಯಾಡಿನ ಮೈ ಗಾಜಿನಂತೆ ನುಣುಪು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನು ಜಾಮ್. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಬೇಗ ಬರುತ್ತದೆ. ಆಗ ಪೆಡಲ್ ಮೇಲಿನ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಆದರೆ ಕಾರು ನಿಲ್ಲಲು ಜಾಸ್ತಿ ಒತ್ತಬೇಕಾಗುತ್ತದೆ, ಕೆಲವೊಮ್ಮೆ ಒಂದು ಬದಿಗೆ ಎಳೆಯುತ್ತದೆ. ಪಿನ್ನು ಬಿಚ್ಚಿ, ತೊಳೆದು, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿಸಿ. ಸಾದಾ ಗ್ರೀಸ್ ರಬ್ಬರನ್ನು ತಿನ್ನುತ್ತದೆ.

ರಿಪೇರಿ

ಪೈಪನ್ನು ಕತ್ತರಿಸಿ ಟೇಪ್ ಸುತ್ತಬೇಡಿ. ನಾನು ಆ ಸಂಜೆ ಸುತ್ತಿದ್ದೆ, ಮನೆ ಗೇಟಿನವರೆಗೂ ಬರಲಿಲ್ಲ. ಬ್ರೇಕ್ ವ್ಯಾಕ್ಯೂಮಿಗೆಂದೇ ಮಾಡಿದ, ಒಳಗೆ ನೂಲಿನ ಹೆಣಿಗೆ ಇರುವ ಪೈಪೇ ಬೇಕು. ತೋಟದ ಪೈಪು ಬಿಸಿಯಾದಾಗ ಒಳಕ್ಕೆ ಕುಸಿದು ಅಂಟಿಕೊಳ್ಳುತ್ತದೆ. ಚೆಕ್ ವಾಲ್ವ್ ಮೇಲಿನ ಬಾಣ ಪಂಪಿನ ಕಡೆ ಇರಲಿ. ತಿರುಗಿಸಿ ಹಾಕಿದರೆ ಪಂಪ್ ಎಷ್ಟು ಓಡಿದರೂ ಪೆಡಲ್ ಕಲ್ಲೇ.

ಬೂಸ್ಟರ್ ನಿಜಕ್ಕೂ ಹೋಗಿದ್ದರೆ ವರ್ಕ್‌ಶಾಪಿಗೆ ಬಿಡಿ. ಬಿಡುವ ಮುಂಚೆ ಒಂದು ಕೆಲಸ: ಚೆಕ್ ವಾಲ್ವ್ ತೆಗೆದ ತೂತಿನಲ್ಲಿ ಕಡ್ಡಿಗೆ ಹತ್ತಿ ಸುತ್ತಿ ಒಳಗೆ ಆಡಿಸಿ. ಒದ್ದೆಯಾಗಿ ಬಂದರೆ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಸೋರಿ ಬ್ರೇಕ್ ಆಯಿಲ್ ಬೂಸ್ಟರಿಗೆ ಇಳಿದಿದೆ. ಹೊರಗೆಲ್ಲೂ ಹನಿ ಕಾಣದೆ ಆಯಿಲ್ ಮಟ್ಟ ಇಳಿಯುತ್ತಿದ್ದರೆ ಅದಕ್ಕೂ ಇದೇ ಕಾರಣ ಇರಬಹುದು. ಬೂಸ್ಟರ್ ಒಂದನ್ನೇ ಬದಲಿಸಿದರೆ ಹೊಸದರ ರಬ್ಬರೂ ಸ್ವಲ್ಪ ದಿನದಲ್ಲಿ ಕೊಳೆಯುತ್ತದೆ, ಎರಡೂ ಬದಲಾಗಬೇಕು.

ಎಲೆಕ್ಟ್ರಿಕ್ ಬೂಸ್ಟರ್ ಇರುವವರಿಗೆ

ಟೆಸ್ಲಾ ಮಾಡೆಲ್ 3, ನಿಸ್ಸಾನ್ ಲೀಫ್‌ನಂಥ ಕಾರುಗಳಲ್ಲಿ ಪೈಪಿಲ್ಲ, ಪಂಪಿಲ್ಲ. ನಿಮ್ಮ ಕೈಯಲ್ಲಿ ಆಗುವ ಕೆಲಸವೂ ಕಡಿಮೆ. 12 ವೋಲ್ಟ್ ಬ್ಯಾಟರಿ, ಅದರ ಟರ್ಮಿನಲ್, ಫ್ಯೂಸ್ ನೋಡಿ. ವೋಲ್ಟೇಜ್ ಕುಸಿದರೆ ಈ ಬೂಸ್ಟರ್ ಸಹಾಯ ನಿಲ್ಲಿಸಿ ದೀಪ ಹಚ್ಚುತ್ತದೆ. ದೀಪ ಹತ್ತಿದಾಗ ಫೋಟೊ ತೆಗೆದಿಡಿ, ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳಿ. ಆಮೇಲೆ ನಿಮ್ಮ ಕಾರಿಗೆ ರೀಕಾಲ್ ಇದೆಯೇ ಎಂದು ಚಾಸಿ ನಂಬರ್ ಕೊಟ್ಟು ವಿಚಾರಿಸಿ. ಅಮೆರಿಕದಲ್ಲಿ 2016ರಲ್ಲಿ ನಿಸ್ಸಾನ್ 2013ರಿಂದ 2015ರ ಲೀಫ್ ಕಾರುಗಳನ್ನು, 46,000ಕ್ಕೂ ಹೆಚ್ಚು, ವಾಪಸ್ ಕರೆದದ್ದು ಇದೇ ದೂರಿಗೆ. ಕೊರೆಯುವ ಚಳಿಯಲ್ಲಿ ಬೂಸ್ಟರಿನೊಳಗಿನ ರಿಲೇ ಹೆಪ್ಪುಗಟ್ಟಿ ಪೆಡಲ್ ಗಟ್ಟಿಯಾಗುತ್ತಿತ್ತು. ರೀಕಾಲ್ ಇದ್ದರೆ ಪುಕ್ಕಟೆ ಆಗುವ ಕೆಲಸಕ್ಕೆ ಸುಮ್ನೆ ದುಡ್ಡು ಯಾಕೆ?

ರಸ್ತೆಗೆ ಇಳಿಸುವ ಮುಂಚೆ

ಕಾಲಿನ ಕೆಳಗೆ ಪೆಡಲ್ ಇಳಿಯುವ ಪರೀಕ್ಷೆ ಮತ್ತೊಮ್ಮೆ, ಐದು ನಿಮಿಷದ್ದೂ ಮತ್ತೊಮ್ಮೆ. ಆಮೇಲೆ ಖಾಲಿ ಜಾಗದಲ್ಲಿ ಗಂಟೆಗೆ 10, 20, 40 ಕಿ.ಮೀ. ವೇಗದಲ್ಲಿ ನಿಲ್ಲಿಸಿ ನೋಡಿ. ರೀಜನ್ ಕಡಿಮೆ ಮಾಡಿಕೊಂಡು ಒಂದು ಸುತ್ತು ಹೊಡೆಯಿರಿ, ಆಗ ಪ್ಯಾಡಿನ ನಿಜವಾದ ಹಿಡಿತ ತಿಳಿಯುತ್ತದೆ. ಪಂಪ್ ದಿನಗಟ್ಟಲೆ ನಿಲ್ಲದೇ ಓಡಿದ್ದರೆ ಅದರ ಒಳಗೆ ತಿರುಗಿ ಗಾಳಿ ಎಳೆಯುವ ಎಲೆಯಂಥ ರೆಕ್ಕೆಗಳು ಸವೆದಿರಬಹುದು. ನಿಲ್ಲಲು ಎಷ್ಟು ಸೆಕೆಂಡ್ ತಗೊಂಡಿತು ಎಂದು ಇವತ್ತೇ ಮೊಬೈಲಿನಲ್ಲಿ ಬರೆದಿಡಿ, ತಿಂಗಳು ಬಿಟ್ಟು ಮತ್ತೆ ಎಣಿಸಿ. ನನ್ನದು ಆರು ಸೆಕೆಂಡ್ ಇತ್ತು, ಈಗಲೂ ಆರೇ. ಬಾನೆಟ್ ಒಳಗೆ ಇಲಿ ಬರದಂತೆ ಪುದೀನ ಎಣ್ಣೆ, ತಂಬಾಕು ಎಲ್ಲ ಇಟ್ಟು ನೋಡಿದೆ. ಹಿಕ್ಕೆ ಮಾತ್ರ ವಾರಕ್ಕೊಮ್ಮೆ ಸಿಗುತ್ತಲೇ ಇದೆ. ಹಾಗಾಗಿ ಭಾನುವಾರ ಬೆಳಗ್ಗೆ ಟಾರ್ಚ್ ಹಿಡಿದು ಆ ಪೈಪಿನ ಕೆಳಗೆ ಒಮ್ಮೆ ಬೆರಳಾಡಿಸುತ್ತೇನೆ.